ಅಣಕು ಗಗನಯಾನ: ಆಸನ ಕೆಲವರಿಗೆ, ತಾಲೀಮು ಎಲ್ಲರಿಗೂ

2025ರ ಜೂನ್ 25ರಂದು ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ ಅವರು ಆಕ್ಸಿಯಮ್-4 ಯಾನದಲ್ಲಿ ಬಾಹ್ಯಾಕಾಶಕ್ಕೆ ತೆರಳಿದರು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಕೆಲಕಾಲ ತಂಗಿದ್ದು ಜುಲೈ 15ರಂದು ಭೂಮಿಗೆ ಮರಳಿದರು. 1984ರಲ್ಲಿ ರಾಕೇಶ್ ಶರ್ಮಾ ಅವರು ಸೋಯುಜ್ ನೌಕೆಯಲ್ಲಿ ಹೋಗಿ ಬಂದ 41 ವರ್ಷಗಳ ನಂತರ ಭಾರತೀಯ ಪ್ರಜೆಯೊಬ್ಬರಿಗೆ ಮತ್ತೆ ಕಕ್ಷೆಗೇರುವ ಅವಕಾಶ ದೊರೆಯಿತು. ದೇಶ ಸಂಭ್ರಮಿಸಿದ್ದು ಸಹಜವೇ. ನಿಲ್ದಾಣದಿಂದ ಅವರು ಹ್ಯಾಮ್ ರೇಡಿಯೊ ಮೂಲಕ ಬೆಂಗಳೂರಿನಲ್ಲಿ ನೆರೆದಿದ್ದ ಶಾಲಾ ಮಕ್ಕಳೊಡನೆ ಮಾತನಾಡಿದ್ದೂ ದೊಡ್ಡ ಸುದ್ದಿಯಾಯಿತು.

ಆದರೆ ಆ ಸಂಭ್ರಮದ ನಡುವೆ ಕೇಳಬೇಕಾದ ಪ್ರಶ್ನೆಯೊಂದು ಕೇಳದೆ ಉಳಿಯಿತು. ಬೆಂಗಳೂರಿನಿಂದ ಸುಮಾರು 500 ಕಿ.ಮೀ. ದೂರದಲ್ಲಿರುವ ಕಾರವಾರದ ಅಥವಾ ಅಂಕೋಲಾದ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿಯೊಬ್ಬಳು ಟಿ.ವಿ.ಯಲ್ಲಿ ಇದನ್ನು ನೋಡಿ ಚಪ್ಪಾಳೆ ತಟ್ಟಿದ ಮೇಲೆ ಮಾಡಬಹುದಾದದ್ದೇನು? ಗಗನಯಾತ್ರಿ ಪಡೆಯುವ ತರಬೇತಿಯ ಒಂದು ಅಂಶವನ್ನಾದರೂ ಆಕೆ ಸ್ವತಃ ಅನುಭವಿಸಿ ನೋಡುವ ಸ್ಥಳ ನಮ್ಮಲ್ಲಿದೆಯೇ? ಇಲ್ಲವೆಂಬುದೇ ಉತ್ತರ. ಅಂತಹ ಸ್ಥಳ ಇರಬೇಕಾದದ್ದು ಅಗತ್ಯವೂ ಹೌದು, ಸಾಧ್ಯವೂ ಹೌದು ಎಂಬುದು ಈ ಲೇಖನದ ವಾದ.

ಅಣಕು ಗಗನಯಾನ ಎಂದರೇನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳೋಣ. ಬಾಹ್ಯಾಕಾಶಕ್ಕೆ ಹೋಗದೆಯೇ, ಅಲ್ಲಿ ಎದುರಾಗುವ ಸನ್ನಿವೇಶಗಳನ್ನು ಭೂಮಿಯ ಮೇಲೆ ಸೃಷ್ಟಿಸಿ, ಆ ನಿರ್ಬಂಧಗಳೊಳಗೆ ಕೆಲಸ ಮಾಡುವುದನ್ನು ರೂಢಿಸುವುದೇ ಅದು. ಕಿರಿದಾದ ಕೋಣೆಯಲ್ಲಿ ದಿನಗಟ್ಟಲೆ ಬದುಕುವುದು, ಅಳೆದುಕೊಟ್ಟ ನೀರು ಮತ್ತು ಆಹಾರದಲ್ಲಿ ತೃಪ್ತಿ ಕಾಣುವುದು, ಹೊರಗಿನವರೊಡನೆ ಧ್ವನಿಯ ಮೂಲಕವಷ್ಟೇ ವ್ಯವಹರಿಸುವುದು, ಉಪಕರಣ ಕೈಕೊಟ್ಟಾಗ ಗಾಬರಿಯಾಗದೆ ಲಿಖಿತ ಕ್ರಮವನ್ನು ಒಂದೊಂದಾಗಿ ಪಾಲಿಸುವುದು ಇದರ ಮುಖ್ಯ ಭಾಗಗಳು. ಮಾಸ್ಕೋದಲ್ಲಿ 2010-11ರಲ್ಲಿ ಆರು ಮಂದಿ 520 ದಿನಗಳ ಕಾಲ ಮಂಗಳಯಾನದ ಅಣಕು ನೌಕೆಯಲ್ಲಿ ಬದುಕಿದರು. ಹ್ಯೂಸ್ಟನ್‌ನಲ್ಲಿ ನಾಸಾ ನಿರ್ಮಿಸಿದ ಮಂಗಳ ಗ್ರಹದ ಅಣಕು ಮನೆಯಿಂದ ನಾಲ್ವರು 378 ದಿನಗಳ ನಂತರ 2024ರ ಜುಲೈನಲ್ಲಿ ಹೊರಬಂದರು.

ಭಾರತವೂ ಈ ದಿಕ್ಕಿನಲ್ಲಿ ಹೆಜ್ಜೆ ಇಟ್ಟಿದೆ. 2024ರ ನವೆಂಬರಿನಲ್ಲಿ ಲೇಹ್‌ನಲ್ಲಿ ಇಸ್ರೊ ಸಹಯೋಗದೊಡನೆ ಮೊದಲ ಅಣಕು ಯಾನ ನಡೆಯಿತು. 2025ರ ಆಗಸ್ಟ್‌ನಲ್ಲಿ ಲಡಾಖಿನ ತ್ಸೊ ಕರ್ ಸರೋವರದ ಬಳಿ, ಬೆಂಗಳೂರಿನ ಪ್ರೊಟೊಪ್ಲಾನೆಟ್ ಸಂಸ್ಥೆ ಕಟ್ಟಿದ 'ಹೋಪ್' ನೆಲೆಯಲ್ಲಿ ಇಬ್ಬರು ಹತ್ತು ದಿನ ಕಳೆದರು. ಗಗನಯಾನ ಯೋಜನೆಯ ನಾಲ್ವರು ಯಾತ್ರಿಗಳ ಆಯ್ಕೆ ನಡೆದದ್ದು ಬೆಂಗಳೂರಿನಲ್ಲಿರುವ ವಾಯುಪಡೆಯ ವೈಮಾಂತರಿಕ್ಷ ವೈದ್ಯಕೀಯ ಸಂಸ್ಥೆಯಲ್ಲಿ. ಅವರಿಗೆ ರಷ್ಯಾದ ಗಗಾರಿನ್ ಕೇಂದ್ರದಲ್ಲಿ 2020-21ರಲ್ಲಿ ಸಾಮಾನ್ಯ ತರಬೇತಿ ದೊರೆಯಿತು; ಮುಂದಿನ ತರಬೇತಿಗಾಗಿ ಇಸ್ರೊ ಬೆಂಗಳೂರಿನಲ್ಲೇ ಕೇಂದ್ರವನ್ನು ಸ್ಥಾಪಿಸಿತು. ಸಮುದ್ರಕ್ಕೆ ಇಳಿದ ನೌಕೆಯಿಂದ ಯಾತ್ರಿಗಳನ್ನು ಹೊರತರುವ ತಾಲೀಮು ಕೊಚ್ಚಿಯ ನೌಕಾಪಡೆಯ ಜಲ ಬದುಕುಳಿವು ತರಬೇತಿ ಕೇಂದ್ರದಲ್ಲಿ ನಡೆಯಿತು.

ಇವೆಲ್ಲ ಆಯ್ದ ಕೆಲವರಿಗೆ ಮೀಸಲು. ಹಾಗಿರಬೇಕಾದದ್ದೂ ಸರಿಯೇ. ಮಾನವನನ್ನು ನಿಜವಾಗಿ ಕಳುಹಿಸುವ ಕಾರ್ಯಕ್ರಮದಲ್ಲಿ ಕಠಿಣ ಆಯ್ಕೆ ಅನಿವಾರ್ಯ. ಪ್ರಶ್ನೆ ಇರುವುದು ಬೇರೆ ಕಡೆ. ಜಗತ್ತಿನ ಹಲವೆಡೆ ಅಣಕು ಯಾನ ಈಗ ಖಾಸಗಿ ಚಟುವಟಿಕೆಯಾಗಿಯೂ ಬೆಳೆದಿದೆ. ಅಮೆರಿಕದ ಯೂಟಾ ಮರುಭೂಮಿಯಲ್ಲಿ ಮಾರ್ಸ್ ಸೊಸೈಟಿ ಎಂಬ ಸ್ವಯಂಸೇವಾ ಸಂಘಟನೆ ನಡೆಸುವ ನೆಲೆಯಲ್ಲಿ ಎರಡು ದಶಕಗಳಿಂದ ವಿದ್ಯಾರ್ಥಿಗಳೂ ಆಸಕ್ತರೂ ಭಾಗವಹಿಸುತ್ತಿದ್ದಾರೆ. ಆದರೆ ಶುಲ್ಕ, ವಿಮಾನಯಾನದ ವೆಚ್ಚ, ವೀಸಾ, ಎಲ್ಲಕ್ಕೂ ಮಿಗಿಲಾಗಿ ಇಂಗ್ಲಿಷ್, ಇವಿಷ್ಟನ್ನೂ ದಾಟಿ ಅಲ್ಲಿಗೆ ತಲುಪುವವರು ಯಾರು? ಆಫ್ರಿಕಾದ, ದಕ್ಷಿಣ ಏಷ್ಯಾದ ಸಾಮಾನ್ಯ ಕುಟುಂಬದ ಮಕ್ಕಳಂತೂ ಅಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಒಂದು ಮೂಲಭೂತ ವ್ಯತ್ಯಾಸ ಕಾಣಿಸುತ್ತದೆ. ರಾಕೆಟ್ಟಿನಲ್ಲಿರುವ ಆಸನದಲ್ಲಿ ಒಬ್ಬರು ಕುಳಿತರೆ ಮತ್ತೊಬ್ಬರಿಗೆ ಅದು ಇಲ್ಲ. ಆದ್ದರಿಂದಲೇ ಅದಕ್ಕೆ ಅಪಾರ ಬೆಲೆ. ಆಕ್ಸಿಯಮ್-4 ಯಾನದಲ್ಲಿ ಭಾರತದ ಪಾಲಿನ ವೆಚ್ಚ ಸುಮಾರು 550 ಕೋಟಿ ರೂಪಾಯಿ ಎಂದು ವರದಿಯಾಗಿತ್ತು. ಆದರೆ ತರಬೇತಿಯ ತಿರುಳು, ಅಂದರೆ ಸನ್ನಿವೇಶ, ಅದರಲ್ಲಿ ಪ್ರತಿಯೊಬ್ಬರ ಪಾತ್ರ, ಪಾಲಿಸಬೇಕಾದ ಕ್ರಮ, ಕೊನೆಯಲ್ಲಿ ನಡೆಯುವ ತಪ್ಪು-ಒಪ್ಪುಗಳ ವಿಮರ್ಶೆ, ಇದು ಹಾಗಲ್ಲ. ಒಂದು ಶಾಲೆ ಅದನ್ನು ಬಳಸಿದರೆ ಇನ್ನೊಂದು ಶಾಲೆಗೆ ಕಡಿಮೆಯಾಗುವುದಿಲ್ಲ. ಒಮ್ಮೆ ಬರೆದಿಟ್ಟದ್ದನ್ನು ಸಾವಿರ ಕಡೆ ಬಳಸಬಹುದು. ಹೀಗಿರುವಾಗ ತರಬೇತಿಯನ್ನೂ ಆಸನದಂತೆಯೇ ವಿರಳ ವಸ್ತುವೆಂದು ಪರಿಗಣಿಸುವುದು ತರ್ಕಕ್ಕೆ ಹೊಂದುವುದಿಲ್ಲ. ಇದು ಸಾರ್ವಜನಿಕ ಸರಕು; ಸಾರ್ವಜನಿಕ ಗ್ರಂಥಾಲಯದಂತೆ ಇದನ್ನು ನಡೆಸಬೇಕು.

ಇದು ಕೇವಲ ಪುಸ್ತಕದ ಮಾತಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಸ್ಫೋಟಗೊಂಡು ಏಳು ಮಂದಿ ಮಡಿದರು. ಅವರಲ್ಲಿ ಒಬ್ಬರು ಶಾಲಾ ಶಿಕ್ಷಕಿ ಕ್ರಿಸ್ಟಾ ಮೆಕಾಲಿಫ್. ಮಡಿದವರ ಕುಟುಂಬದವರು ಕಲ್ಲಿನ ಸ್ಮಾರಕದ ಬದಲು ಮಕ್ಕಳಿಗಾಗಿ ಕಲಿಕಾ ಕೇಂದ್ರಗಳನ್ನು ಕಟ್ಟಲು ನಿರ್ಧರಿಸಿದರು. ಮೊದಲನೆಯದು 1988ರಲ್ಲಿ ಹ್ಯೂಸ್ಟನ್‌ನಲ್ಲಿ ಆರಂಭವಾಯಿತು. ಅಲ್ಲಿರುವುದು ಮುಖ್ಯವಾಗಿ ಎರಡು ಕೋಣೆ. ಒಂದು ನಿಯಂತ್ರಣ ಕೊಠಡಿ, ಇನ್ನೊಂದು ನೌಕೆ. ತರಗತಿಯ ಮಕ್ಕಳು ಎರಡು ತಂಡಗಳಾಗುತ್ತಾರೆ. ಒಬ್ಬ ಹುಡುಗಿ ಆಮ್ಲಜನಕದ ಲೆಕ್ಕ ಇಡುತ್ತಾಳೆ, ಒಬ್ಬ ಹುಡುಗ ಸಂಪರ್ಕ ನೋಡಿಕೊಳ್ಳುತ್ತಾನೆ, ಮತ್ತೊಬ್ಬರಿಗೆ ಪಥದ ಗಣಿತ. ಒಬ್ಬರ ಕೆಲಸ ಕೆಟ್ಟರೆ ಎಲ್ಲರ ಯಾನವೂ ಕೆಡುತ್ತದೆ. ತರಗತಿಯಲ್ಲಿ ನಿರ್ಜೀವವಾಗಿ ಕಾಣುವ ಅನುಪಾತ, ಶೇಕಡಾವಾರುಗಳು ಅಲ್ಲಿ ಜೀವ ತಳೆಯುತ್ತವೆ. ಮುಂದೆ ಈ ಮಾದರಿ ಅಮೆರಿಕದಾಚೆಗೂ ಹರಡಿತು.

ಭಾರತದಲ್ಲಿ ಇದಕ್ಕೆ ಹತ್ತಿರದ ಪ್ರಯತ್ನವೆಂದರೆ ಇಸ್ರೊ 2019ರಲ್ಲಿ ಆರಂಭಿಸಿದ 'ಯುವಿಕಾ' ಕಾರ್ಯಕ್ರಮ. ಒಂಬತ್ತನೆಯ ತರಗತಿಯ ಮಕ್ಕಳನ್ನು ಆಯ್ದು ಸುಮಾರು ಎರಡು ವಾರ ತನ್ನ ಕೇಂದ್ರಗಳಲ್ಲಿ ಇರಿಸಿಕೊಳ್ಳುವ, ಗ್ರಾಮೀಣ ಶಾಲೆಗಳ ಮಕ್ಕಳಿಗೆ ಆಯ್ಕೆಯಲ್ಲಿ ಆದ್ಯತೆ ನೀಡುವ ಈ ಯೋಜನೆ ಶ್ಲಾಘನೀಯ. ಆದರೆ ದೇಶದಾದ್ಯಂತ ಆಯ್ಕೆಯಾಗುವವರು ಕೆಲವೇ ನೂರು ಮಂದಿ. ಉಳಿದ ಲಕ್ಷಾಂತರ ಮಕ್ಕಳ ಗತಿ? ಕರಾವಳಿಗೆ ಸಂಬಂಧಿಸಿದಂತೆ ಮಂಗಳೂರಿನ ಪಿಲಿಕುಳದಲ್ಲಿ 2018ರಿಂದ ಉತ್ತಮ ತಾರಾಲಯವಿದೆ. ಆದರೆ ಅದು ಕಾರವಾರದಿಂದ 250 ಕಿ.ಮೀ.ಗೂ ಹೆಚ್ಚು ದೂರ. ಮೇಲಾಗಿ ತಾರಾಲಯದಲ್ಲಿ ಮಗು ಪ್ರೇಕ್ಷಕ. ಅಣಕು ಯಾನದಲ್ಲಿ ಮಗುವೇ ಕರ್ತೃ.

ಹೀಗೆಂದಾಗ, ಮೊದಲ ಕೇಂದ್ರಕ್ಕೆ ಕಾರವಾರವೇ ಏಕೆ ಎಂದು ಓದುಗರು ಕೇಳಬಹುದು. ಸೇವಾವಧಿಯ ಒಂದಷ್ಟು ವರ್ಷಗಳನ್ನು ಈ ಜಿಲ್ಲೆಯಲ್ಲಿ ಕಳೆದ ಮಮಕಾರ ನನಗಿದೆಯೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕಾರಣಗಳು ಅದಕ್ಕಿಂತ ಗಟ್ಟಿಯಾಗಿವೆ.

ಮೊದಲನೆಯದು, ಅಣಕು ತರಬೇತಿ ಈ ನೆಲಕ್ಕೆ ಹೊಸದಲ್ಲ. ಕಾರವಾರ ತಾಲ್ಲೂಕಿನ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ನಿಯಂತ್ರಣ ಕೊಠಡಿಯನ್ನೇ ಹೋಲುವ ಸಿಮ್ಯುಲೇಟರ್ ಮುಂದೆ ಕುಳಿತು ನಿರ್ವಾಹಕರು ತರಬೇತಿ ಪಡೆಯುತ್ತಾರೆ. ನಿಜವಾದ ಸ್ಥಾವರದಲ್ಲಿ ಎಂದೂ ಸಂಭವಿಸಬಾರದ ದೋಷಗಳನ್ನು ಅಲ್ಲಿ ಬೇಕೆಂದೇ ಸೃಷ್ಟಿಸಲಾಗುತ್ತದೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ಸತತ 962 ದಿನ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಸ್ಥಾಪಿಸಿತು. ಅದರ ಹಿಂದೆ ಯಂತ್ರಗಳ ಗುಣಮಟ್ಟ ಎಷ್ಟಿದೆಯೋ ಅಷ್ಟೇ ಇಂತಹ ತಾಲೀಮಿನ ಶಿಸ್ತೂ ಇದೆ. ಅತ್ತ ಅರ್ಗಾದ ಬಳಿಯ ಕದಂಬ ನೌಕಾನೆಲೆಯಲ್ಲಿ ಬೆಂಕಿ, ನೀರು ನುಗ್ಗುವಿಕೆ, ಮನುಷ್ಯ ಸಮುದ್ರಕ್ಕೆ ಬೀಳುವಿಕೆ ಮುಂತಾದ ಸನ್ನಿವೇಶಗಳ ಅಭ್ಯಾಸ ನಾವಿಕರ ನಿತ್ಯಕರ್ಮ.

ಎರಡನೆಯದು, ಇವೆಲ್ಲ ಬೇಲಿಯ ಒಳಗಿವೆ. ಬೇಲಿಯ ಹೊರಗಿರುವವರು ಆ ಬೇಲಿಗಾಗಿ ತೆತ್ತ ಬೆಲೆ ಸಣ್ಣದಲ್ಲ. 1986ರ ಅಕ್ಟೋಬರ್‌ನಲ್ಲಿ ಅಂದಿನ ಪ್ರಧಾನಿ ರಾಜೀವ್ ಗಾಂಧಿ ಅವರು ಸೀಬರ್ಡ್ ಯೋಜನೆಗೆ ಶಂಕುಸ್ಥಾಪನೆ ಮಾಡಿದರು. 2005ರಲ್ಲಿ ನೌಕಾನೆಲೆ ಕಾರ್ಯಾರಂಭ ಮಾಡಿತು. ಇದಕ್ಕಾಗಿ ಕಾರವಾರ, ಅಂಕೋಲಾ ತಾಲ್ಲೂಕುಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ತೆಂಗಿನ ತೋಟ, ದೋಣಿ ಎಳೆಯುವ ದಡಗಳನ್ನು ಬಿಟ್ಟುಕೊಟ್ಟವು. ಪರಿಹಾರಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿ ದಶಕಗಳ ಕಾಲ ಅಲೆದವರಿದ್ದಾರೆ. ಕಾಳಿ ನದಿಯ ಅಣೆಕಟ್ಟುಗಳಿಂದ, ಕೈಗಾದಿಂದ ನೆಲೆ ಕಳೆದುಕೊಂಡವರು ಬೇರೆ. ಅಂಕೋಲಾದ ಅಲಗೇರಿ ಸುತ್ತಿನ ಭೂಮಿ ವಿಮಾನ ನಿಲ್ದಾಣಕ್ಕೆಂದು ಸ್ವಾಧೀನವಾಗಿದೆ. ರಾಷ್ಟ್ರದ ಉನ್ನತ ತಂತ್ರಜ್ಞಾನಕ್ಕೆ ನೆಲ ನೀಡಿದ ಜನರ ಮಕ್ಕಳು ಆ ತಂತ್ರಜ್ಞಾನವನ್ನು ಬಸ್ಸಿನ ಕಿಟಕಿಯಿಂದ, ಕಾಂಪೌಂಡ್ ಗೋಡೆಯ ಮೇಲಿನ ಮುಳ್ಳುತಂತಿಯಾಗಿ ಮಾತ್ರ ಕಾಣುವಂತಾಗಬಾರದು. ಭದ್ರತೆಯ ಕಾರಣಕ್ಕೆ ನೌಕಾನೆಲೆಯನ್ನು ತೆರೆಯಲಾಗದು, ಒಪ್ಪೋಣ. ಆದರೆ ಅದರೊಳಗಿನ ತರಬೇತಿಯ ವಿಧಾನವನ್ನು ಹಂಚಿಕೊಳ್ಳಲು ಯಾವ ಭದ್ರತಾ ನಿಯಮವೂ ಅಡ್ಡಬರುವುದಿಲ್ಲ.

ಮೂರನೆಯದು, ಇದರಿಂದ ಬಾಹ್ಯಾಕಾಶಕ್ಕಿಂತ ಮೊದಲು ಭೂಮಿಗೇ ಲಾಭ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು ಹಲವರು ಪ್ರಾಣ ಕಳೆದುಕೊಂಡರು. ಗಂಗಾವಳಿ ನದಿಯಲ್ಲಿ ಶೋಧ ತಿಂಗಳುಗಟ್ಟಲೆ ನಡೆಯಿತು. ಮೂರೇ ವಾರಗಳಲ್ಲಿ, ಆಗಸ್ಟ್ 7ರ ನಸುಕಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು, ಚಾಲಕನನ್ನು ರಕ್ಷಿಸಲಾಯಿತು. ಇಂತಹ ಹೊತ್ತಿನಲ್ಲಿ ಬೇಕಾಗುವುದು ಏನು? ಯಾರು ಯಾರಿಗೆ ವರದಿ ಮಾಡಬೇಕೆಂಬ ಸ್ಪಷ್ಟತೆ, ಚಿಕ್ಕ ವಾಕ್ಯಗಳಲ್ಲಿ ನಿಖರವಾಗಿ ಮಾತನಾಡುವ ರೂಢಿ, ಕೇಳಿಸಿಕೊಂಡದ್ದನ್ನು ಮರಳಿ ಹೇಳಿ ಖಚಿತಪಡಿಸಿಕೊಳ್ಳುವ ಶಿಸ್ತು, ಜನರ ತಲೆ ಎಣಿಸುವ ಎಚ್ಚರ. ಅಣಕು ಗಗನಯಾನ ಕಲಿಸುವುದು ಇವುಗಳನ್ನೇ.

ಆಡಳಿತದಲ್ಲಿದ್ದಾಗ ನಾನು ಹಲವು ವಿಪತ್ತು ನಿರ್ವಹಣಾ ಅಣಕು ಕಾರ್ಯಾಚರಣೆಗಳಲ್ಲಿ ಭಾಗವಹಿಸಿದ್ದೇನೆ. ಕಾಗದದ ಮೇಲೆ ಯೋಜನೆ ಸರ್ವಾಂಗ ಸುಂದರವಾಗಿರುತ್ತಿತ್ತು. ಸೈರನ್ ಮೊಳಗಿದ ಮೇಲೆ, ಪಟ್ಟಿಯಲ್ಲಿದ್ದ ಕಚೇರಿಯೊಂದರ ದೂರವಾಣಿ ಸಂಖ್ಯೆ ಬದಲಾಗಿ ಎರಡು ವರ್ಷವಾಗಿದೆಯೆಂದು, ಆಂಬುಲೆನ್ಸ್ ತಿರುಗಬೇಕಾದ ಜಾಗದಲ್ಲಿ ಮರಳಿನ ರಾಶಿ ಬಿದ್ದಿದೆಯೆಂದು ತಿಳಿಯುತ್ತಿತ್ತು. ತಾಲೀಮಿನ ಉಪಯೋಗವೇ ಅದು. ಹಾನಿಯಿಲ್ಲದ ಹೊತ್ತಿನಲ್ಲಿ ಲೋಪಗಳನ್ನು ಬಯಲಿಗೆಳೆಯುತ್ತದೆ. ಈ ಪಾಠವನ್ನು ಅಧಿಕಾರಿಗಳು ಐವತ್ತನೆಯ ವಯಸ್ಸಿನಲ್ಲಿ ಕಲಿಯುವ ಬದಲು ಮಕ್ಕಳು ಹದಿನಾಲ್ಕರಲ್ಲಿ ಕಲಿತರೆ ನಷ್ಟವೇನು?

ಹಾಗಾದರೆ ಕೇಂದ್ರ ಹೇಗಿರಬೇಕು? ಹೊಸ ಭವ್ಯ ಕಟ್ಟಡದ ಅಗತ್ಯವೇ ಇಲ್ಲ. ಕಾರವಾರದ ಕೋಡಿಬಾಗದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರವಿದೆ. ಟ್ಯಾಗೋರ್ ಕಡಲತೀರದಲ್ಲಿ ನಿವೃತ್ತ ಕ್ಷಿಪಣಿ ನೌಕೆ 'ಚಪಲ್' ವಸ್ತು ಸಂಗ್ರಹಾಲಯವಾಗಿ ನಿಂತಿದೆ. ಅದರ ಪಕ್ಕಕ್ಕೆ ನೌಕಾಪಡೆಯ ಟುಪೊಲೆವ್ ವಿಮಾನವೂ ಬಂದಿದೆ. ಈಗ ಪ್ರವಾಸಿಗರು ಅವುಗಳನ್ನು ನೋಡಿ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ವಿಜ್ಞಾನ ಕೇಂದ್ರದಲ್ಲಿ ಒಂದು ನಿಯಂತ್ರಣ ಕೊಠಡಿ, ಒಂದು ಅಣಕು ನೌಕೆ, ಅವೆರಡರ ನಡುವೆ ತಂತಿಯ ಸಂಪರ್ಕ ಮತ್ತು ಕೆಲವು ಕಂಪ್ಯೂಟರ್‌ಗಳಿದ್ದರೆ ಆರಂಭಕ್ಕೆ ಸಾಕು. ಸನ್ನಿವೇಶವೂ ಇಲ್ಲಿಯದೇ ಆಗಿರಲಿ: ಗಗನಯಾನದ ನೌಕೆ ಮಳೆಗಾಲದ ಅಂಚಿನಲ್ಲಿ ಕಾರವಾರದಾಚೆಯ ಅರಬ್ಬಿ ಸಮುದ್ರಕ್ಕೆ ಇಳಿದಿದೆ, ಅಲೆ ಎತ್ತರವಾಗಿದೆ, ಒಳಗೆ ಮೂವರಿದ್ದಾರೆ, ಬೆಳಕಿರುವುದು ಇನ್ನೆರಡು ತಾಸು. ಯಾವ ದಿಕ್ಕಿನ ಪ್ರವಾಹ ನೌಕೆಯನ್ನು ಎಲ್ಲಿಗೆ ಒಯ್ಯುತ್ತದೆಂದು ಲೆಕ್ಕ ಹಾಕುವಾಗ ಬೈತಖೋಲ್ ಅಥವಾ ಬೇಲೆಕೇರಿ ಬಂದರಿನ ತಾಂಡೇಲನ ಮಗಳು ಬೆಂಗಳೂರಿನ ಮಗುವಿಗಿಂತ ಹಿಂದೆ ಬೀಳುವುದಿಲ್ಲ.

ಭಾಷೆಯ ವಿಷಯ ಇಲ್ಲಿ ನಿರ್ಣಾಯಕ. ಪರಿಶೀಲನಾ ಪಟ್ಟಿ, ಆಜ್ಞೆ, ಪ್ರತ್ಯುತ್ತರ ಎಲ್ಲವೂ ಕನ್ನಡದಲ್ಲಿರಬೇಕು. ಮನೆಯಲ್ಲಿ ಕೊಂಕಣಿ ಆಡುವ ಮಕ್ಕಳಿಗೆ ಕೊಂಕಣಿಯ ವಿವರಣೆಯೂ ದೊರೆಯಬೇಕು. ಒತ್ತಡದಲ್ಲಿ ಮನುಷ್ಯ ತನ್ನ ಮಾತೃಭಾಷೆಯಲ್ಲೇ ಯೋಚಿಸುತ್ತಾನೆ. ಇಂಗ್ಲಿಷ್ ಗೊತ್ತಿಲ್ಲವೆಂಬ ಅಳುಕಿನಲ್ಲಿ ಹಿಂದಿನ ಸಾಲಿನಲ್ಲಿ ಕೂರುವ ಮಗುವಿಗೆ ನಿಯಂತ್ರಣ ಕೊಠಡಿಯ ಮುಂದಿನ ಕುರ್ಚಿ ಸಿಗಬೇಕಾದರೆ ಇದೊಂದೇ ದಾರಿ.

ಅಂಗವಿಕಲರನ್ನು ಆರಂಭದಲ್ಲೇ ಒಳಗೊಳ್ಳಬೇಕು. ಇದು ದಯೆಯ ಪ್ರಶ್ನೆಯಲ್ಲ. 1950ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆ ಮತ್ತು ನಾಸಾ, ಗ್ಯಾಲೊಡೆಟ್ ಕಾಲೇಜಿನ ಹನ್ನೊಂದು ಮಂದಿ ಕಿವುಡರನ್ನು ಸಂಶೋಧನೆಗೆ ಆಯ್ದುಕೊಂಡವು. ಅವರ ಒಳಕಿವಿಯ ಸಮತೋಲನ ವ್ಯವಸ್ಥೆಗೆ ಹಾನಿಯಾಗಿದ್ದುದರಿಂದ ಅವರಿಗೆ ವಾಂತಿ, ತಲೆಸುತ್ತು ಬರುತ್ತಿರಲಿಲ್ಲ. ಬಿರುಗಾಳಿಯ ಸಮುದ್ರದಲ್ಲಿ ನಡೆದ ಪ್ರಯೋಗದಲ್ಲಿ ವಿಜ್ಞಾನಿಗಳೇ ಕಾಯಿಲೆ ಬಿದ್ದು ಒದ್ದಾಡುವಾಗ ಇವರು ನಿಶ್ಚಿಂತೆಯಿಂದ ಇಸ್ಪೀಟು ಆಡುತ್ತಿದ್ದರಂತೆ. ಮಾನವನ ದೇಹ ಬಾಹ್ಯಾಕಾಶಕ್ಕೆ ಹೇಗೆ ಒಗ್ಗಿಕೊಳ್ಳಬಹುದೆಂಬ ಆರಂಭಿಕ ತಿಳಿವಳಿಕೆಗೆ ಅವರ ಕೊಡುಗೆ ದೊಡ್ಡದು. ಒಂದು ಕಾಲು ಕಳೆದುಕೊಂಡ ಬ್ರಿಟನ್ನಿನ ಜಾನ್ ಮೆಕ್‌ಫಾಲ್ ಅವರಿಗೆ ದೀರ್ಘಾವಧಿ ಯಾನಕ್ಕೆ ವೈದ್ಯಕೀಯ ಅರ್ಹತೆ ಇದೆಯೆಂದು ಐರೋಪ್ಯ ಬಾಹ್ಯಾಕಾಶ ಸಂಸ್ಥೆ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಯಾರು ಯೋಗ್ಯರು ಎಂಬುದನ್ನು ಅವಕಾಶ ಕೊಡದೆ ತೀರ್ಮಾನಿಸಲಾಗದು.

ಆಕ್ಷೇಪಗಳು ಬರುತ್ತವೆ, ಬರಬೇಕು. ಶಾಲೆಗೆ ಮೇಲ್ಛಾವಣಿ ಇಲ್ಲದಿರುವಾಗ, ವಿಜ್ಞಾನ ಶಿಕ್ಷಕರ ಹುದ್ದೆ ಖಾಲಿ ಇರುವಾಗ ಅಣಕು ಗಗನಯಾನ ಬೇಕೇ ಎಂಬುದು ಮೊದಲನೆಯದು. ನ್ಯಾಯವಾದ ಪ್ರಶ್ನೆಯೇ. ಮೇಲ್ಛಾವಣಿಯ ಹಣವನ್ನು ಇತ್ತ ತಿರುಗಿಸಬೇಕೆಂದು ನಾನು ಹೇಳುತ್ತಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಗಗನಯಾನ ಕಾರ್ಯಕ್ರಮದ ಒಟ್ಟು ಗಾತ್ರವನ್ನು 20,193 ಕೋಟಿ ರೂಪಾಯಿಗೆ ಏರಿಸಿತು. ಅದರ ಅತ್ಯಲ್ಪ ಅಂಶವೂ ಜಿಲ್ಲಾ ಮಟ್ಟದ ಕೇಂದ್ರಗಳಿಗೆ ಧಾರಾಳವಾದೀತು. 2013ರ ಕಂಪನಿ ಕಾಯ್ದೆಯ ಪ್ರಕಾರ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕು. ಈ ಜಿಲ್ಲೆಯ ನೆಲ, ಜಲ ಬಳಸುವ ಉದ್ಯಮಗಳಿಂದ ಇದನ್ನು ನಿರೀಕ್ಷಿಸುವುದು ಅತಿಯಾಸೆಯಲ್ಲ.

ಎರಡನೆಯ ಆಕ್ಷೇಪ ಇನ್ನೂ ಗಂಭೀರವಾದದ್ದು. ಉದ್ಘಾಟನೆಯ ಫಲಕ ಉಳಿದು ಯಂತ್ರಗಳು ತುಕ್ಕು ಹಿಡಿಯುವುದು ನಮ್ಮ ಸಾರ್ವಜನಿಕ ಸಂಸ್ಥೆಗಳ ಹಣೆಬರಹ. ಕಡಲ ಉಪ್ಪುಗಾಳಿಯಲ್ಲಿ ಅದು ಇನ್ನೂ ಬೇಗ. ಬಂಡವಾಳ ವೆಚ್ಚಕ್ಕೆ ಮಂಜೂರಾತಿ ಸುಲಭ, ನಿರ್ವಹಣೆಗೆ ಕಷ್ಟ ಎಂಬುದನ್ನು ಕಡತಗಳ ನಡುವೆ ಬದುಕಿದ ನಾನು ಚೆನ್ನಾಗಿ ಬಲ್ಲೆ. ಆದ್ದರಿಂದ ಕ್ರಮವನ್ನು ತಿರುವುಮುರುವು ಮಾಡಬೇಕು. ಮೊದಲು ಇಬ್ಬರು ಕಾಯಂ ತರಬೇತುದಾರರ ಹುದ್ದೆ, ಹತ್ತು ವರ್ಷಗಳ ನಿರ್ವಹಣಾ ನಿಧಿ, ಶಾಲೆಗಳಿಂದ ಮಕ್ಕಳನ್ನು ಕರೆತರುವ ಬಸ್ಸಿನ ವೆಚ್ಚ, ಆಮೇಲೆ ಯಂತ್ರ. ಬಸ್ಸಿನ ಬಾಬತ್ತು ಸೇರಿಸದಿದ್ದರೆ ಕೇಂದ್ರ ಕಾರವಾರ ಪೇಟೆಯ ಮಕ್ಕಳ ಸ್ವತ್ತಾಗುತ್ತದೆ. ಅಂಕೋಲಾದ ಒಳನಾಡಿನ ಹಾಲಕ್ಕಿ, ಸಿದ್ದಿ ಮಕ್ಕಳು ಹೊರಗೇ ಉಳಿಯುತ್ತಾರೆ. ಕೈಗಾದಿಂದ, ನೌಕಾಪಡೆಯಿಂದ ನಿವೃತ್ತರಾಗಿ ಇಲ್ಲಿಯೇ ನೆಲೆಸಿದ ತಂತ್ರಜ್ಞರ ಅನುಭವವನ್ನು ಗೌರವಧನದ ಮೇಲೆ ಪಡೆಯಬಹುದು.

ಕೊನೆಯದಾಗಿ, ಇಲ್ಲಿ ಸಿದ್ಧವಾಗುವ ಸನ್ನಿವೇಶ, ಕೈಪಿಡಿಗಳನ್ನು ಯಾವ ಹಕ್ಕುಸ್ವಾಮ್ಯದ ಕಟ್ಟೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಡಬೇಕು. ಬಾಹ್ಯಾಕಾಶದ ಪ್ರಯೋಜನ ಎಲ್ಲ ದೇಶಗಳಿಗೂ ದೊರೆಯಬೇಕೆಂದು ವಿಶ್ವಸಂಸ್ಥೆಯ ಬಾಹ್ಯಾಕಾಶ ವ್ಯವಹಾರಗಳ ಕಚೇರಿ 'ಎಲ್ಲರಿಗೂ ಬಾಹ್ಯಾಕಾಶ' ಎಂಬ ಆಶಯದ ಕಾರ್ಯಕ್ರಮವನ್ನೇ ನಡೆಸುತ್ತಿದೆ. ಅದರ ಗಮನ ಹೆಚ್ಚಾಗಿ ಸಂಶೋಧಕರ ಮೇಲೆ. ಶಾಲಾ ಮಟ್ಟದ ಮಾದರಿಯನ್ನು ಭಾರತ ಕೊಡಬಹುದು. ಕಡಿಮೆ ವೆಚ್ಚದಲ್ಲಿ ಚಂದ್ರ, ಮಂಗಳಗಳನ್ನು ಮುಟ್ಟಿದ ದೇಶವೆಂಬ ಖ್ಯಾತಿ ನಮಗಿದೆ. ಕನ್ನಡದಲ್ಲಿ ಬರೆದ ಸನ್ನಿವೇಶವನ್ನು ನೇಪಾಳಿಗೋ ಸ್ವಾಹಿಲಿಗೋ ಅನುವಾದಿಸಿಕೊಂಡು ಬಳಸಲು ದೂರದ ಶಾಲೆಗೆ ಬೇಕಾಗುವುದು ಎರಡು ಕೋಣೆ ಮತ್ತು ಒಬ್ಬ ಉತ್ಸಾಹಿ ಶಿಕ್ಷಕರು ಮಾತ್ರ.

ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ, ಶಿಕ್ಷಣ ಇಲಾಖೆ ಹಾಗೂ ಇಸ್ರೊ ಒಟ್ಟಿಗೆ ಕುಳಿತು ಮಾತನಾಡಿದರೆ ಮುಂದಿನ ಶೈಕ್ಷಣಿಕ ವರ್ಷದಲ್ಲೇ ಕಾರವಾರದಲ್ಲಿ ಪ್ರಾಯೋಗಿಕ ಆರಂಭ ಅಸಾಧ್ಯವಲ್ಲ. ಮೊದಲ ತಂಡವನ್ನು ಸೀಬರ್ಡ್ ನಿರಾಶ್ರಿತರ ಪುನರ್ವಸತಿ ಕಾಲೊನಿಗಳ ಶಾಲೆಗಳಿಂದ ಆರಿಸಿಕೊಳ್ಳಲಿ. ಜಿಲ್ಲೆಯ ಜನಪ್ರತಿನಿಧಿಗಳು ಬರುವ ಬಜೆಟ್ ಅಧಿವೇಶನದಲ್ಲಿ ಈ ಬೇಡಿಕೆಯನ್ನು ಸದನದ ಮುಂದಿಡಬೇಕು.